ಭಾನುವಾರ ನಾವಿಲ್ಲ

ಭಾನುವಾರ ನಾವು ಸತ್ತಿರಬೇಕು. ಅದು ಚೋಟು ಮಾಡಿದ ಕಾನೂನು.

ಬಿಸಿಲು ಏರುವ ಹೊತ್ತಿಗೆ ಮನೆ ಕೊಳ್ಳುವವರ ಕಾರುಗಳು ಬರುತ್ತವೆ. ಅಷ್ಟರಲ್ಲಿ ನಮ್ಮ ಓಣಿಯ ಹಗ್ಗಗಳ ಮೇಲೆ ಒಂದು ಬಟ್ಟೆಯೂ ಇರಬಾರದು. ಬಾಗಿಲ ಮುಂದೆ ಒಂದು ಚಪ್ಪಲಿಯೂ ಇರಬಾರದು. ಮಕ್ಕಳು ಅಳಬಾರದು. ಮುದುಕರು ಕೆಮ್ಮಬಾರದು. ಒಲೆಯ ಹೊಗೆ ಕಾಣಬಾರದು. ಓಣಿಯ ಕೊನೆಯಲ್ಲಿ ಕಕ್ಕಸು ಇದೆ, ಎಲ್ಲರಿಗೂ ಸೇರಿ ಅದೊಂದೇ. ಅಲ್ಲಿಗೆ ಯಾರೂ ಹೋಗಬಾರದು. ಕೊನೆಯ ಕಾರು ತಿರುಗಿ ಹೋಗುವವರೆಗೆ ತಗಡಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿರಬೇಕು.

ಯಾಕೆ ಅಂದರೆ, ನಮ್ಮ ಎದುರಿಗೆ ಕಟ್ಟಡ ಎದ್ದಿದೆ. ಎಷ್ಟು ಎತ್ತರ ಅಂದರೆ, ಕಾಗೆ ಅದರ ತುದಿ ಮುಟ್ಟಬೇಕಾದರೆ ನಡುವೆ ಒಂದು ಕಡೆ ಇಳಿದು, ಊಟ ಮಾಡಿ, ಒಂದು ನಿದ್ದೆ ತೆಗೆದು ಹೋಗಬೇಕು. ಪ್ರತಿ ಮನೆಗೂ ಒಂದು ಬಾಲ್ಕನಿ. ಕೊಳ್ಳಲು ಬಂದವರು ಅಲ್ಲಿ ನಿಂತು ಗಾಳಿ ಕುಡಿಯುತ್ತಾರೆ. ಕೆಳಗೆ ನೋಡಿದರೆ ನಾವು. ಗಾಳಿ ಕುಡಿಯುವವರಿಗೆ ನಮ್ಮ ಒಳಲಂಗ ಕಾಣಬಾರದಂತೆ.

ಚೋಟು ಬೇರೆ ಯಾರೋ ಅಲ್ಲ. ಇದೇ ಓಣಿಯಲ್ಲಿ ಹುಟ್ಟಿದವನು. ಹುಟ್ಟಿದಾಗ ನನ್ನ ಚಪ್ಪಲಿಯಲ್ಲಿ ಮಲಗಿಸಿದ್ದರೆ ಇನ್ನೊಂದು ಕೂಸಿಗೆ ಜಾಗ ಉಳಿಯುತ್ತಿತ್ತು. ಬದುಕಲ್ಲ ಅಂದರು. ನಾನು ಮತ್ತು ಅವನ ತಾಯಿ ಸರದಿಯ ಮೇಲೆ ಎದೆಗೆ ಕಟ್ಟಿಕೊಂಡು ಬೆಚ್ಚಗಿಟ್ಟು ಬದುಕಿಸಿದೆವು. ಈಗ ಅವನು ಏಜೆಂಟು. ಅವನ ಬೂಟಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ಇರುವುದು ಊರಿನ ಆಚೆ ಬದಿ, ಹೆಂಡತಿ ಜೊತೆ. ತಾಯಿ ಮಾತ್ರ ಇಲ್ಲೇ, ನನ್ನ ಪಕ್ಕದ ಕೋಣೆಯಲ್ಲಿ. ಜಲ್ಲಿ ಒಡೆದು ಒಡೆದು ಅವಳ ಕಣ್ಣಿಗೆ ಕಲ್ಲಿನ ಚೂರು ಬಿದ್ದು, ಈಗ ಅವಳಿಗೆ ಬೆಳಕು ಮತ್ತು ಕತ್ತಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಭಾನುವಾರ ಅವಳೂ ಸತ್ತಿರಬೇಕು.

ಕಾನೂನು ಹೇಳಲು ಬಂದ ದಿನ ಚೋಟು ನಲ್ಲಿಯ ಹತ್ತಿರ ಎಲ್ಲರನ್ನೂ ಸೇರಿಸಿದ್ದ.

"ಸೇಲ್ ಮುಗಿಯೋ ತನಕ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಏರಿಯಾ ಬೆಳೀತಿದೆ. ಏರಿಯಾ ಬೆಳೆದ್ರೆ ನೀವೂ ಬೆಳೀತೀರ."

"ನಾನು ಬೆಳೆಯೋ ವಯಸ್ಸು ದಾಟಿದೀನಿ ಕಣೋ," ಅಂದೆ. "ಈಗೇನಿದ್ರೂ ಕುಗ್ಗೋದೇ."

ಎಲ್ಲರೂ ನಕ್ಕರು. ಅವನೂ ನಕ್ಕ. "ಅಜ್ಜೀ, ನಿಮ್ಮ ಒಂದು ತಗಡೂ ಯಾರೂ ಮುಟ್ಟಲ್ಲ. ಕಂಪನಿಯವ್ರ ಹತ್ರ ನಾನೇ ಮಾತಾಡಿದೀನಿ. ಕಕ್ಕಸಿಗೆ ಹೊಸ ಬಾಗಿಲು ಹಾಕಿಸಿಕೊಡ್ತೀನಿ. ನಾನೂ ಇಲ್ಲಿಯವನೇ ಅಲ್ವಾ?"

ನಂಬಿದೆವು. ನಮ್ಮ ಹುಡುಗ.

ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ನಮ್ಮ ಓಣಿಗೆ ಅಂಟಿದ ರೋಗ. ಈ ಜಾಗವನ್ನೂ ಹಾಗೇ ಮಾಡಿದ್ದೆವು. ಮೊದಲು ಇದು ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟ ಗುಂಡಿ. ಸತ್ತ ನಾಯಿ, ಒಡೆದ ಗಾಜು, ಊರಿನ ಹೊಲಸು. ಅಲ್ಲಿ ಉಚ್ಚೆ ಹೊಯ್ಯಲೂ ಊರಿನವರು ಮುಖ ಸಿಂಡರಿಸುತ್ತಿದ್ದರು. ಒಡೆದ ಮನೆಗಳ ಕಲ್ಲು ಮಣ್ಣು ಬುಟ್ಟಿಯಲ್ಲಿ ಹೊತ್ತು ತಂದು ತುಂಬಿದವರು ನಾವು. ನನ್ನ ಗಂಡ ಹೊತ್ತ ಮಣ್ಣನ್ನು ಒಂದು ಕಡೆ ಸುರಿದಿದ್ದರೆ ಬೆಟ್ಟವಾಗಿ, ಅದರ ಮೇಲೆ ಮಂಜು ಬೀಳುತ್ತಿತ್ತು. ಹೊತ್ತು ಹೊತ್ತು ಅವನ ಕುತ್ತಿಗೆ ಎದೆಯೊಳಗೆ ಇಳಿದಿತ್ತು. ಗುಂಡಿ ತುಂಬಿತು, ಅವನು ಮುಗಿದ. ಗುಂಡಿಗೆ ಬೆಲೆ ಇರಲಿಲ್ಲ. ನೆಲಕ್ಕೆ ಬೆಲೆ ಬಂತು. ಬೆಲೆ ಬಂದ ಮೇಲೆ ನೆಲದ ಮೇಲಿದ್ದ ನಾವು ಬೇಡವಾದೆವು.

ಸಾಯುವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದೆವು. ದರ್ಜಿ ಭಾನುವಾರ ಮೆಷಿನ್ನಿನ ಚಕ್ರಕ್ಕೆ ಬಟ್ಟೆ ತುರುಕಿಡುತ್ತಿದ್ದ. ಕೋಳಿ ಸಾಕಿದವಳು ಗೂಡಿಗೆ ಕರಿಕಂಬಳಿ ಮುಚ್ಚಿ, ಕೋಳಿಗಳಿಗೆ ಇನ್ನೂ ಬೆಳಗಾಗಿಲ್ಲ ಅಂತ ನಂಬಿಸುತ್ತಿದ್ದಳು. ಎಳೆಮಕ್ಕಳ ತಾಯಂದಿರು ಬೆಳಗಿನಿಂದ ಎದೆ ಬಿಡಿಸುತ್ತಿರಲಿಲ್ಲ. ಯಾರ ಮನೆ ಹೆಚ್ಚು ಸತ್ತಿದೆ ಅಂತ ನಮ್ಮನಮ್ಮಲ್ಲೇ ಪಂದ್ಯ. ಸಂಜೆ ಚೋಟು ಬಂದು, "ಸೂಪರ್! ಒಂದು ಇಲೀನೂ ಕಾಣಲಿಲ್ಲ," ಅನ್ನುತ್ತಿದ್ದ. ನಾವು ಹಲ್ಲು ಕಿರಿಯುತ್ತಿದ್ದೆವು.

ವಾರದ ಉಳಿದ ದಿನ ನಾನು, ನನ್ನ ಸೊಸೆ ಅದೇ ಕಟ್ಟಡದಲ್ಲಿ ಬದುಕಿರುತ್ತಿದ್ದೆವು. ಮನೆ ಒಪ್ಪಿಸುವ ಮುಂಚೆ ನೆಲ ಉಜ್ಜುವ ಕೆಲಸ. ಟೈಲ್ಸಿನ ಮೇಲೆ ಸಿಮೆಂಟು, ಬಣ್ಣ ಅಂಟಿರುತ್ತದೆ. ಕುಕ್ಕರುಗಾಲಲ್ಲಿ ಕೂತು ಬ್ಲೇಡಿನಿಂದ ಕೆರೆಯಬೇಕು. ಹೋಗದಿದ್ದರೆ ಆಸಿಡ್. ಆಸಿಡ್ ಹೊಗೆ ಗಂಟಲಿಗೆ ಇಳಿದರೆ ಸಂಜೆಯವರೆಗೆ ಮಾತು ಹೊರಡುವುದಿಲ್ಲ. ನನ್ನ ಬೆರಳ ತುದಿ ಸವೆದು ನುಣ್ಣಗಾಗಿದೆ. ಮೂಗು ಹಿಂಡಲು ಹೋದರೆ ಮೂಗೇ ಜಾರುತ್ತದೆ.

ಒಂದೊಂದು ಮನೆಗೆ ಮೂರು ಕಕ್ಕಸು. ಗಂಡನಿಗೊಂದು, ಹೆಂಡತಿಗೊಂದು, ಬಂದವರಿಗೊಂದು. ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ತೊಳೀಬೇಕು. ಕೂರಬಾರದು."

ಸೊಸೆ ಬಸುರಿ. ಮಗ ದೂರದಲ್ಲೆಲ್ಲೋ ರಸ್ತೆಗೆ ಡಾಂಬರು ಹಾಕಲು ಹೋಗಿದ್ದ. ಹೊಟ್ಟೆ ಮುಂದೆ ಬಂದಂತೆ ಅವಳಿಗೆ ಘಳಿಗೆಗೊಮ್ಮೆ ಹೋಗಬೇಕು. ಕೆಲಸದ ದಿನ ಓಡಿ ಓಣಿಗೆ ಬಂದು ಹೋಗುತ್ತಿದ್ದಳು. ಭಾನುವಾರ ಎಲ್ಲಿಗೆ ಓಡುವುದು? ತಡೆದು ಕೂತಳು. ಜ್ವರ ಬಂತು. ಉಚ್ಚೆಯಲ್ಲಿ ರಕ್ತ. ಡಾಕ್ಟರು ನನ್ನನ್ನೇ ಬೈದರು: "ತಡೆದು ಕೂತ್ರೆ ಮಗೂಗೂ ಅಪಾಯ. ಮನೇಲಿ ದೊಡ್ಡೋರು ನೀವು, ಗೊತ್ತಾಗಲ್ವಾ?" ಯಾಕೆ ತಡೆದಳು ಅಂತ ಹೇಳಲು ನನಗೆ ನಾಚಿಕೆಯಾಯಿತು.

ಒಂದು ಶನಿವಾರ ನನ್ನನ್ನು ಕೆಳಗಿನ ಮಾದರಿ ಮನೆಗೆ ಕರೆದರು. ಕೊಳ್ಳುವವರಿಗೆ ತೋರಿಸುವ ಮನೆ ಅದು. ಅಲ್ಲಿ ಒಂದು ದೊಡ್ಡ ಮೇಜು, ಮೇಲೆ ಗಾಜಿನ ಪೆಟ್ಟಿಗೆ. ಒಳಗೆ ಆಟಿಕೆಯ ಹಾಗೆ ಮಾಡಿದ ಇಡೀ ಏರಿಯಾ. ಅಲ್ಲಿದ್ದ ಮೇಡಂ ಗಾಜು ಎತ್ತಿಸಿ, ಕೈಗೆ ಒಂದು ಸಣ್ಣ ಬ್ರಷ್ ಕೊಟ್ಟು, "ಧೂಳು ತೆಗಿ. ಏನೂ ಕೀಳಬೇಡ," ಅಂದಳು.

ಬೆರಳುದ್ದದ ಕಟ್ಟಡ. ಬೆಂಕಿಕಡ್ಡಿಯಷ್ಟು ದೀಪದ ಕಂಬ. ಧೂಳು ತೆಗೆಯುತ್ತಾ ಕಟ್ಟಡದ ಹಿಂದಕ್ಕೆ ಬಂದೆ. ನಮ್ಮ ನೀರಿನ ಟ್ಯಾಂಕು ಕಂಡಿತು. ಅದರ ಪಕ್ಕ ಮರ. ಓಣಿಯ ಮೂಲೆಯಲ್ಲಿ ನಾನು ನೆಟ್ಟ ಮರ. ಬಲಗಡೆಗೆ ವಾಲಿದ್ದನ್ನು ವಾಲಿದ ಹಾಗೇ ಮಾಡಿದ್ದರು. ಮರದಿಂದ ಈಚೆಗೆ ನನ್ನ ಮನೆ ಇರಬೇಕು. ಇರಲಿಲ್ಲ. ಹಸಿರು ಬಟ್ಟೆ ಅಂಟಿಸಿದ್ದರು. ಅದರ ಮೇಲೆ ಒಂದು ಬೆಂಚು. ಬೆಂಚಿನ ಪಕ್ಕ ಒಂದು ಪ್ಲಾಸ್ಟಿಕ್ ನಾಯಿ.

"ಇದೇನು ಮೇಡಂ?"

"ಪಾರ್ಕು."

"ಇಲ್ಲಿ ಮನೆ ಇವೆಯಲ್ಲ?"

"ಮನೆ ಎಲ್ಲಿದೆ? ಅದು ಸಾಮಾನು ಇಡೋ ಶೆಡ್ಡು. ಖಾಲಿ. ಭಾನುವಾರ ನಾನೇ ನೋಡಿದೀನಿ ಬಾಲ್ಕನಿಯಿಂದ, ಒಂದು ನರಪಿಳ್ಳೇನೂ ಇರಲ್ಲ. ಮಳೆಗಾಲ ಮುಗೀತಿದ್ದ ಹಾಗೆ ಕ್ಲಿಯರ್ ಮಾಡ್ತಾರೆ." ಆಮೇಲೆ ಅಂದಳು, "ಪಾರ್ಕ್ ಕಾಣೋ ಮನೆಗಳೇ ಮೊದಲು ಮಾರಾಟ ಆಗೋದು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳು ನಿಜವಾಗಿ ನಂಬಿದ್ದಳು. ನಾವೇ ನಂಬಿಸಿದ್ದೆವು. ಬ್ರಷ್ ಹಿಡಿದು ಆ ಹುಲ್ಲಿನ ಧೂಳನ್ನೂ ತೆಗೆದೆ. ನಾಯಿಯ ಬೆನ್ನನ್ನೂ ಒರೆಸಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು.

ಸಂಜೆ ನಲ್ಲಿಯ ಹತ್ತಿರ ಹೇಳಿದೆ.

ಓಣಿಯಲ್ಲಿ ನನ್ನ ಹೆಸರು ಬುರುಡೆ ಅಜ್ಜಿ. ನಾನು ಬಾಯಿ ತೆಗೆದರೆ ಇಲಿ ಎಮ್ಮೆಯಾಗುತ್ತದೆ. ದರ್ಜಿ ಕೊಡ ಕೆಳಗಿಟ್ಟು ನಗಲು ಶುರು ಮಾಡಿದ.

"ಪಾರ್ಕಾ? ಆನೆ ಎಷ್ಟಿದ್ವು ಅಜ್ಜೀ ಪಾರ್ಕಲ್ಲಿ?"

"ಮೊನ್ನೆ ಲಿಫ್ಟಲ್ಲಿ ಹೋದೋಳು ಮೋಡದಲ್ಲಿ ತಲೆ ನೆನೆಸಿಕೊಂಡು ಬಂದೆ ಅಂದಿದ್ಲು," ಅಂದಳು ಕೋಳಿಯವಳು.

"ಇಲ್ಲ ಕಣ್ರೇ. ಹಸಿರು ಬಟ್ಟೆ ಹಾಕಿದಾರೆ. ಒಂದು ಬೆಂಚಿದೆ. ಒಂದು ನಾಯಿ ಇದೆ. ನಮ್ಮ ಮನೆ ಇಲ್ಲ."

ನಗು ನಿಲ್ಲಲಿಲ್ಲ. ಸೊಸೆ ಮಾತ್ರ ಕೊಡವನ್ನು ಸೊಂಟಕ್ಕೆ ಏರಿಸದೆ ನನ್ನನ್ನೇ ನೋಡಿದಳು.

"ಅತ್ತೆ, ನಾಯಿ ಎಷ್ಟು ದೊಡ್ಡದು?"

"ಕಡಲೆಕಾಳಷ್ಟು."

"ಕಡಲೆಕಾಳಷ್ಟೇನಾ?"

"ಅಷ್ಟೇ."

ಸೊಸೆಯ ಮುಖ ಬಿಳಚಿಕೊಂಡಿತು. "ನಗಬೇಡಿ," ಅಂದಳು ಎಲ್ಲರಿಗೂ. "ನಾನು ಈ ಮನೆಗೆ ಬಂದ ಮೇಲೆ ನಮ್ಮತ್ತೆ ಯಾವುದನ್ನೂ ಅದರ ಅಳತೆಗೆ ಹೇಳಿದ್ದು ಕೇಳಿಲ್ಲ. ಇವತ್ತೇ ಮೊದಲು."

ನಲ್ಲಿ ಸುರಿಯುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಚೋಟು ಬಂದ. ನಾಳೆ ಸಾಯಬೇಕು ಅಂತ ನೆನಪು ಮಾಡಲು ಬಂದಿದ್ದ. ನಾನು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಪಾರ್ಕ್ ಮಾಡ್ತಾರಂತೆ?"

"ಅಯ್ಯೋ ಅಜ್ಜೀ, ಅದು ಸುಮ್ನೆ ಶೋಗೆ."

"ನಾಯಿಗೆ ಜಾಗ ಕೊಟ್ಟಿದಾರೆ, ನಿನ್ನ ತಾಯಿಗೆ ಕೊಟ್ಟಿಲ್ಲ."

ಅವನು ಆಚೀಚೆ ನೋಡಿದ. ದನಿ ಇಳಿಸಿದ. "ನೋಡು, ಅಮ್ಮಂಗೆ ಒಂದು ರೂಮ್ ನೋಡಿಟ್ಟಿದೀನಿ. ಪಕ್ಕದ್ದು ನಿನಗೆ ಕೊಡಿಸ್ತೀನಿ. ಬಾಯಿ ಮುಚ್ಕೊಂಡಿರು. ಹೇಗಿದ್ರೂ ನಿನ್ನ ಮಾತು ಯಾರು ನಂಬ್ತಾರೆ?"

"ಮಿಕ್ಕೋರು?"

ಅವನು ಮೊಬೈಲ್ ನೋಡಿದ. ನಾನು ತೋಳು ಬಿಟ್ಟೆ. ಎದೆಗೆ ಕಟ್ಟಿಕೊಂಡಿದ್ದ ಜಾಗ ಉರಿಯಿತು.

ಆದರೂ ಭಾನುವಾರ ಬಾಗಿಲು ಹಾಕಿಕೊಂಡೆವು. ರೂಢಿ ಅಂದರೆ ಹಾಗೆ. ಭಯ ಅಂದರೂ ಹಾಗೇ. ಕಾರು ಬಂದ ಸದ್ದು ಕೇಳಿತು, ಕೈ ತಾನಾಗಿ ಚಿಲಕ ಹಾಕಿತು.

ತಗಡು ಕಾದಿತ್ತು. ಒಳಗೆ ಉಸಿರು ತಿರುಗುತ್ತಿರಲಿಲ್ಲ. ಸೊಸೆ ಗೋಡೆಗೆ ಒರಗಿ, ತೊಡೆ ಬಿಗಿದುಕೊಂಡು ಕೂತಿದ್ದಳು. ತುಟಿ ಕಚ್ಚಿದ್ದಳು. ನಾನು ಮೂಲೆಯಲ್ಲಿ ಬಕೆಟ್ ಇಟ್ಟೆ. ಅವಳು ಬೇಡ ಅಂತ ತಲೆಯಾಡಿಸಿದಳು. ನಡುವೆ ಇರುವುದು ಒಂದು ತಗಡು, ಆಚೆಗೆ ದರ್ಜಿ, ಅವನ ದೊಡ್ಡ ಗಂಡುಮಕ್ಕಳು. ಸದ್ದು ಕೇಳುತ್ತದೆ. ಬೆವರು ಅವಳ ಗದ್ದದಿಂದ ಹೊಟ್ಟೆಯ ಮೇಲೆ ತೊಟ್ಟಿಕ್ಕಿತು. ಹೊಟ್ಟೆ ಒಂದು ಕಡೆಗೆ ಉಬ್ಬಿತು. ಒಳಗಿನದು ಒದೆಯುತ್ತಿತ್ತು.

"ಅತ್ತೆ, ಆಗ್ತಿಲ್ಲ."

ಆಮೇಲೆ ಅವಳ ಬಟ್ಟೆ ಒದ್ದೆಯಾಯಿತು. ನೆಲದ ಮೇಲೆ ಹರಿದು ನನ್ನ ಪಾದಕ್ಕೆ ಮುಟ್ಟಿತು. ಬಿಸಿ ಇತ್ತು. ಅವಳು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಸದ್ದಾಗಬಾರದಲ್ಲ. ಅವತ್ತು ಭಾನುವಾರ ತಾನೇ.

ನಾನು ಚಿಲಕ ತೆಗೆದೆ.

"ಅತ್ತೆ, ಬೇಡ."

"ಏಳು."

ನೀರಿನ ಡಬ್ಬ ಎಡಗೈಯಲ್ಲಿ. ಸೊಸೆ ಬಲಗೈಯಲ್ಲಿ. ಓಣಿಯ ನಟ್ಟನಡುವೆ ನಡೆದೆ. ಇಷ್ಟು ನಿಧಾನ ನನ್ನ ಮದುವೆಯ ದಿನವೂ ನಡೆದಿರಲಿಲ್ಲ. ಮೇಲೆ ಬಾಲ್ಕನಿಯಲ್ಲಿ ಗಂಡ ಹೆಂಡತಿ ನಿಂತಿದ್ದರು. ಪಕ್ಕದಲ್ಲಿ ಚೋಟು. ಅವನು ಅವರ ಬೆನ್ನ ಹಿಂದಿನಿಂದ ಕೈ ಬೀಸುತ್ತಿದ್ದ, ಒಳಗೆ ಹೋಗು, ಒಳಗೆ ಹೋಗು.

ನಾನೂ ಕೈ ಬೀಸಿದೆ.

ಹೆಂಡತಿ ಕೇಳಿದ್ದು ಕೆಳಗೂ ಕೇಳಿಸಿತು. "ಖಾಲಿ ಶೆಡ್ ಅಂದ್ರಲ್ಲ?"

"ಖಾಲಿ ಇಲ್ಲ ತಾಯಿ!" ನಾನು ಕೂಗಿದೆ. ಆಸಿಡ್ ತಿಂದ ಗಂಟಲು ಅಂದು ಎಲ್ಲಿಂದ ಬಿಚ್ಚಿಕೊಂಡಿತೋ. "ನಿಮಗೆ ತೋರಿಸಿದ ಪಾರ್ಕು ನಾವೇ! ನಾನು ಬೆಂಚು. ಇವಳು ಹುಲ್ಲು. ಇವಳ ಹೊಟ್ಟೇಲಿರೋದು ನಾಳೆ ಹುಟ್ಟೋ ಹುಲ್ಲು. ಚೆನ್ನಾಗಿ ನೋಡ್ಕೊಳ್ಳಿ, ನೋಡಿ ದುಡ್ಡು ಕೊಡಿ!"

"ಅಜ್ಜೀ!" ಚೋಟು ಕಿರುಚಿದ.

"ಉಚ್ಚೆಗೆ ಹೋಗ್ತಿದೀವಿ ಕಣೋ! ನೀನೂ ಬರ್ತೀಯೇನೋ? ಚಿಕ್ಕೋನಿದ್ದಾಗ ನಾನೇ ಕರ್ಕೊಂಡು ಹೋಗ್ತಿದ್ದೆ!"

ಸೊಸೆ ಒಳಗೆ ಹೋದಳು. ನಾನು ಕಕ್ಕಸಿನ ಮುರುಕು ಬಾಗಿಲು ಹಿಡಿದು ಹೊರಗೆ ನಿಂತೆ. ಓಣಿ ಸುಮ್ಮನಿತ್ತು. ಎಲ್ಲೋ ಒಂದು ಚಿಲಕ ಸರಿಯಿತು. ಕೋಳಿಯವಳು ಕಂಬಳಿ ಎಳೆದಳು, ಮಧ್ಯಾಹ್ನದ ಬಿಸಿಲಲ್ಲಿ ಹುಂಜ ಬೆಳಗಾಯಿತು ಅಂತ ಕೂಗಿತು. ದರ್ಜಿಯ ಮೆಷಿನ್ನು ಟರ್ ಅಂತ ಶುರುವಾಯಿತು. ಹಗ್ಗದ ಮೇಲೆ ಬಟ್ಟೆ ಬಂದವು. ಒಣಗಿದ್ದ ಬಟ್ಟೆಯನ್ನೂ ತಂದು ನೇತುಹಾಕಿದರು. ಇದ್ದಬದ್ದ ಒಳಲಂಗವೆಲ್ಲ ಬಂತು.

ಬಾಲ್ಕನಿಯಲ್ಲಿ ಯಾರೂ ಉಳಿಯಲಿಲ್ಲ.

ಕೆಲಸ ಮರುದಿನವೇ ಹೋಯಿತು, ನನ್ನದೂ ಸೊಸೆಯದೂ. ಅದು ಗೊತ್ತಿತ್ತು. ಅದಾದ ಮೇಲೆ ಒಂದು ಬೆಳಿಗ್ಗೆ ಹಳದಿ ಯಂತ್ರ ಬಂತು. ಮನೆ ಮುಟ್ಟಲಿಲ್ಲ. ಸೀದಾ ಓಣಿಯ ಕೊನೆಗೆ ಹೋಗಿ ಕಕ್ಕಸನ್ನು ಒಂದೇ ಏಟಿಗೆ ಮಲಗಿಸಿತು. ಒಳಗಿದ್ದ ಮುದುಕ ಯಂತ್ರದ ಸದ್ದಿಗೆ ಬಟ್ಟೆ ಹಿಡಿದುಕೊಂಡು ಆಗಲೇ ಓಡಿಬಂದಿದ್ದ. ಯಾಕೆ ಅಂತ ಕೇಳಿದರೆ, ಗೋಡೆ ಬಿರುಕು ಬಿಟ್ಟಿದೆ, ಜನರಿಗೆ ಅಪಾಯ ಅಂದರು. ನಾವು ಅವರಿಗೆ ಜನರಾಗಿ ಕಂಡಿದ್ದು ಅದೇ ಮೊದಲು.

ಗಂಡಸರು ಎಲ್ಲೋ ಹೋದರು. ಹೆಂಗಸರು ಎಲ್ಲಿಗೆ ಹೋಗುವುದು? ಹಿಂದೆ ಸುತ್ತಲೂ ಪೊದೆ ಇತ್ತು. ಈಗ ಪೊದೆಗಳೂ ಮಾರಾಟವಾಗಿದ್ದವು, ಸುತ್ತ ಬೇಲಿ, ಬೇಲಿಗೆ ಬೋರ್ಡು. ಆ ವಾರ ನಮ್ಮ ಓಣಿಯ ಹೆಂಗಸರು ನೀರು ಕುಡಿಯಲಿಲ್ಲ. ಹೊಟ್ಟೆ ತುಂಬ ಉಣ್ಣಲಿಲ್ಲ. ಸೊಸೆಗೆ ಮತ್ತೆ ಜ್ವರ ಬಂತು. ಒಲೆಯ ಮುಂದೆ ಕೂತು ಅವಳೇ ಅಂದಳು:

"ಅಲ್ಲಿ ಮನೆಗೆ ಮೂರಿವೆ. ನಾವೇ ತೊಳೆದಿದೀವಿ."

ಮತ್ತೆ ಭಾನುವಾರ ಬಂತು. ಬಿಸಿಲು ಏರಿತು. ಕಾರುಗಳು ಬಂದವು. ನಾವು ಬಾಗಿಲು ತೆಗೆದು ಹೊರಬಿದ್ದೆವು. ಕೈಯಲ್ಲಿ ನೀರಿನ ಡಬ್ಬ. ಒಬ್ಬರ ಹಿಂದೆ ಒಬ್ಬರು. ಸಾಲು ಎಷ್ಟು ಉದ್ದ ಇತ್ತು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಬುರುಡೆ ಅನ್ನುತ್ತೀರಿ. ಓಣಿಯ ಹೆಂಗಸರು ಅಷ್ಟೂ ಇದ್ದರು.

ಮುಂದೆ ಸೊಸೆ. ಅವಳ ಹಿಂದೆ ನಾನು. ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಚೋಟುವಿನ ತಾಯಿ.

ಗೇಟಿನ ಕಾವಲಿನವನು ಕೋಲು ಅಡ್ಡ ಹಿಡಿದ. "ಎಲ್ಲಿಗೆ?"

"ಮನೆ ನೋಡೋಕೆ," ಅಂದೆ. "ಕೊಳ್ಳೋ ಮುಂಚೆ ಎಲ್ಲಾ ಕೆಲಸ ಮಾಡುತ್ತಾ ಅಂತ ನೋಡಬೇಕಲ್ಲಪ್ಪ. ಮೊದಲು ಕಕ್ಕಸು."

ಸೊಸೆ ಅವನ ಕೋಲನ್ನು ನೋಡಲಿಲ್ಲ. ಹೊಟ್ಟೆ ಮುಂದೆ ಮಾಡಿಕೊಂಡು ಸುಮ್ಮನೆ ನಡೆದಳು. ಹೊಟ್ಟೆ ಮುಟ್ಟುವ ಮುಂಚೆ ಕೋಲು ಕೆಳಗೆ ಇಳಿಯಿತು. ಅವನಿಗೂ ಮನೆಯಲ್ಲಿ ಹೆಂಗಸರು ಇದ್ದಿರಬೇಕು.

ಮಾದರಿ ಮನೆಯ ಬಾಗಿಲು ತೆರೆದಿತ್ತು. ಒಳಗೆ ಗಾಜಿನ ಪೆಟ್ಟಿಗೆಯ ಸುತ್ತ ಒಳ್ಳೆಯ ಬಟ್ಟೆ ತೊಟ್ಟವರು ನಿಂತಿದ್ದರು. ಚೋಟು ಕೋಲಿನ ತುದಿಯಲ್ಲಿ ಹಸಿರು ತೋರಿಸುತ್ತಿದ್ದ. ತಲೆಯೆತ್ತಿದ. ಮೊದಲು ಸೊಸೆಯನ್ನು, ಆಮೇಲೆ ನನ್ನನ್ನು, ಆಮೇಲೆ ನನ್ನ ಹಿಂದೆ ನೋಡಿದ. ಕೋಲನ್ನು ಹಸಿರಿನ ಮೇಲಿಂದ ತೆಗೆದ.

"ಇವರೆಲ್ಲ ಯಾರು?" ಒಬ್ಬ ಗಿರಾಕಿ ಕೇಳಿದ.

ಮೇಡಂ ಚೋಟುವಿನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಅವನಿಗೆ ಒಂದು ಉಸಿರಿನಷ್ಟು ಸಮಯ ಇತ್ತು. ಇಡೀ ಓಣಿ ಅವನಿಗೆ ಆ ಒಂದು ಉಸಿರು ಕೊಟ್ಟಿತು, ಹುಟ್ಟಿದಾಗ ಕೊಟ್ಟ ಹಾಗೆ.

"ನಂಗೊತ್ತಿಲ್ಲ ಸರ್," ಅಂದ. "ಯಾರೋ ಇವರು. ನಾನು ನೋಡೇ ಇಲ್ಲ. ಸೆಕ್ಯೂರಿಟೀ!"

ನನ್ನ ಭುಜದ ಮೇಲಿನ ಕೈ ಬಿಗಿಯಾಯಿತು. ಉಗುರು ನಾಟಿತು. ಚೋಟುವಿನ ತಾಯಿ ಮುಖವನ್ನು ದನಿ ಬಂದ ಕಡೆಗೆ ತಿರುಗಿಸಿ, ಬೆಳಕು ಹುಡುಕುವವಳ ಹಾಗೆ ಕತ್ತು ಚಾಚಿದಳು.

"ಯಾರೇ ಅದು ಮಾತಾಡಿದ್ದು?"

ಜೀವಮಾನವಿಡೀ ಬುರುಡೆ ಬಿಟ್ಟವಳು ನಾನು. ಇಲಿಯನ್ನು ಎಮ್ಮೆ ಮಾಡಿದವಳು, ಗಂಡ ಹೊತ್ತ ಮಣ್ಣಿಗೆ ಮಂಜು ಸುರಿಸಿದವಳು. ಅವತ್ತು ಬಾಯಿಗೆ ಬಂದದ್ದು ಕಡಲೆಕಾಳಿನಷ್ಟೇ.

"ಯಾರೋ ಏಜೆಂಟು," ಅಂದೆ.

ಅವಳ ಡಬ್ಬದಲ್ಲಿ ನೀರು ತುಳುಕುತ್ತಿತ್ತು. ಚೋಟು ನೆಲ ನೋಡುತ್ತಾ ನಿಂತಿದ್ದ. ಸಾಲಿನಲ್ಲಿ ಒಬ್ಬರೂ ಹಿಂದಕ್ಕೆ ಸರಿಯಲಿಲ್ಲ.

ಅವಳು ಹೊಸ್ತಿಲ ಮೇಲೆ ಬರಿಗಾಲಿಟ್ಟು ಬೆರಳಿನಿಂದ ತಡವಿದಳು. ತಣ್ಣಗಿನ ನುಣುಪು ಅವಳಿಗೆ ಹೊಸದು.

"ಜಾರುತ್ತೇನೇ ಇದು?"

"ನಾನೇ ಉಜ್ಜಿದ್ದು," ಅಂದೆ. "ಗಟ್ಟಿಯಾಗಿ ಕಾಲೂರು. ನಡಿ ಒಳಗೆ."